ದಿನ ತುಂಬದೆ ಹುಟ್ಟಿದ ಮಗುವಿನ ಮೈಗೆ ಎಣ್ಣೆ: ಯಾವುದು, ಎಷ್ಟು, ಹೇಗೆ, ಯಾವಾಗ ಬೇಡ

37 ವಾರ ತುಂಬುವ ಮುನ್ನ ಹುಟ್ಟಿದ ಮಗುವಿನ ಮೈಗೆ ಎಣ್ಣೆ ಹಚ್ಚಬಹುದೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. 35 ವಾರಕ್ಕೆ ಹುಟ್ಟಿ, ಚೆನ್ನಾಗಿ ಹಾಲು ಕುಡಿಯುತ್ತ ಮನೆಯಲ್ಲಿರುವ ಮಗು ಬೇರೆ. 26 ವಾರಕ್ಕೆ ಹುಟ್ಟಿ ಇನ್‌ಕ್ಯುಬೇಟರ್‌ನಲ್ಲಿ ಮಲಗಿರುವ 800 ಗ್ರಾಂ ತೂಕದ ಮಗು ಬೇರೆ. ಮೊದಲನೆಯ ಮಗುವಿಗೆ ತಕ್ಕ ಎಣ್ಣೆಯನ್ನು ಹದವರಿತು ಹಚ್ಚಿದರೆ ತೊಂದರೆಯಾಗುವುದು ಅಪರೂಪ. ಎರಡನೆಯ ಮಗುವಿಗೆ ವಾರ್ಡಿನ ವೈದ್ಯರು ಹೇಳದೆ ಒಂದು ಹನಿಯೂ ತಾಕಬಾರದು.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಶಿಫಾರಸಿನಲ್ಲೂ ಇದೇ ಎಚ್ಚರ ಕಾಣುತ್ತದೆ. ದಿನ ತುಂಬದ ಅಥವಾ ಕಡಿಮೆ ತೂಕದ ಮಕ್ಕಳ ಮೈಗೆ ಎಣ್ಣೆ ಹಚ್ಚುವುದನ್ನು 'ಪರಿಗಣಿಸಬಹುದು' ಎಂದಷ್ಟೇ ಅದು ಹೇಳುತ್ತದೆ, ಹಚ್ಚಲೇಬೇಕು ಎನ್ನುವುದಿಲ್ಲ. ಆದ್ದರಿಂದ ಎಣ್ಣೆ ಹಚ್ಚದಿದ್ದರೆ ಮಗುವಿಗೆ ಏನೋ ತಪ್ಪಿಹೋಯಿತು ಎಂದು ಯಾವ ತಾಯಿಯೂ ಕೊರಗಬೇಕಿಲ್ಲ. ಎದೆಹಾಲು, ಮೈಗೆ ಮೈ ತಾಗಿಸಿ ಮಲಗಿಸುವ ಕಾಂಗರೂ ಆರೈಕೆ, ತೊಳೆದ ಕೈ ಈ ಮೂರರ ಮುಂದೆ ಎಣ್ಣೆಯ ಪಾತ್ರ ಚಿಕ್ಕದು.

ಈ ಚರ್ಮ ಯಾಕೆ ಬೇರೆ

ಚರ್ಮದ ತೀರ ಹೊರಗಿನ ಪದರವೇ ಮೈಯ ನೀರನ್ನು ಒಳಗೆ ಹಿಡಿದಿಡುವುದು, ರೋಗಾಣುಗಳನ್ನು ಹೊರಗೆ ತಡೆಯುವುದು. ಗರ್ಭದಲ್ಲಿ ಇದು ಬಲಿಯುವುದು ಹೆಚ್ಚುಕಡಿಮೆ 32ರಿಂದ 34ನೇ ವಾರದ ಹೊತ್ತಿಗೆ. ಅದಕ್ಕೂ ಮುಂಚೆ ಹುಟ್ಟಿದ ಮಗುವಿನಲ್ಲಿ ಈ ಪದರ ತೆಳುವಾಗಿರುತ್ತದೆ. 24 ವಾರದ ಆಸುಪಾಸಿನಲ್ಲಿ ಹುಟ್ಟಿದರೆ ಇದ್ದೂ ಇಲ್ಲದಂತೆ. ಮೈಮೇಲಿನ ಬಿಳಿಯ ಮೇಣದಂಥ ಲೇಪವೂ ಗರ್ಭದ ಕೊನೆಯ ತಿಂಗಳುಗಳಲ್ಲೇ ಕೂಡುವುದರಿಂದ ತೀರ ಬೇಗ ಹುಟ್ಟಿದ ಮಗುವಿಗೆ ಅದೂ ಅಷ್ಟಾಗಿ ಇರುವುದಿಲ್ಲ. ಚರ್ಮದ ಮೂಲಕ ನೀರು ಆರಿಹೋಗುತ್ತ ಹೋದಂತೆ ಮೈ ತಣ್ಣಗಾಗುತ್ತದೆ.

ಹೊರಗಿನ ಗಾಳಿಗೆ ಬಂದ ಮೇಲೆ ಚರ್ಮ ಬೇಗನೆ ಬಲಿಯತೊಡಗುತ್ತದೆ. ಹೆಚ್ಚಿನ ಮಕ್ಕಳಿಗೆ ಎರಡರಿಂದ ನಾಲ್ಕು ವಾರ ಸಾಕು; 25 ವಾರಕ್ಕೂ ಮುನ್ನ ಹುಟ್ಟಿದವರಿಗೆ ಇನ್ನೂ ಹೆಚ್ಚು ದಿನ ಬೇಕು. ಹಾಗಾಗಿ ಎಣ್ಣೆಯ ವಿಷಯದಲ್ಲಿ ಎರಡು ಲೆಕ್ಕ ಒಟ್ಟಿಗೆ ನೋಡಬೇಕು: ಮಗು ಎಷ್ಟನೇ ವಾರಕ್ಕೆ ಹುಟ್ಟಿತು, ಹುಟ್ಟಿ ಎಷ್ಟು ದಿನವಾಯಿತು.

ಇನ್ನೊಂದು ಮಾತು ಮುಖ್ಯ. ಪುಟ್ಟ ಮಗುವಿನ ತೂಕಕ್ಕೆ ಹೋಲಿಸಿದರೆ ಮೈಯ ಹರವು ದೊಡ್ಡದು, ಚರ್ಮ ತೆಳ್ಳಗೆ. ಹಚ್ಚಿದ ಎಣ್ಣೆಯ ಕೊಬ್ಬಿನ ಅಂಶಗಳು ರಕ್ತಕ್ಕೆ ಸೇರುವುದನ್ನು ಪರೀಕ್ಷೆಗಳೇ ತೋರಿಸಿವೆ. ಒಳ್ಳೆಯದು ಸೇರುವ ದಾರಿಯಲ್ಲೇ ಸುಗಂಧ, ಕಲಬೆರಕೆ, ಕೆಟ್ಟ ಎಣ್ಣೆಯ ಅಂಶಗಳೂ ಸೇರುತ್ತವೆ. ಆದ್ದರಿಂದ ಬಾಟಲಿಯಲ್ಲಿ ಏನಿದೆ ಎಂಬುದನ್ನು ಔಷಧಿಯಷ್ಟೇ ಗಂಭೀರವಾಗಿ ನೋಡಿ.

ಪ್ರಯೋಗಗಳು ಕಲಿಸಿದ್ದು

ಢಾಕಾದ ಮಕ್ಕಳ ಆಸ್ಪತ್ರೆಯೊಂದರಲ್ಲಿ 33 ವಾರ ತುಂಬದ ಮಕ್ಕಳ ಮೇಲೆ ನಡೆದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಸೂರ್ಯಕಾಂತಿ ಎಣ್ಣೆ ಹಚ್ಚಿಸಿಕೊಂಡ ಮಕ್ಕಳಲ್ಲಿ ಆಸ್ಪತ್ರೆಯಲ್ಲಿ ತಗಲುವ ರಕ್ತದ ಸೋಂಕು, ಏನೂ ಹಚ್ಚದ ಮಕ್ಕಳಿಗಿಂತ ಶೇ 41ರಷ್ಟು ಕಡಿಮೆ ಕಂಡಿತು. ಇದಕ್ಕೆ ಒಂದು ವರ್ಷ ಮುಂಚೆ, 2004ರಲ್ಲಿ, 501ರಿಂದ 1000 ಗ್ರಾಂ ತೂಕದ ಮಕ್ಕಳ ಮೇಲೆ ವರ್ಮಾಂಟ್ ಆಕ್ಸ್‌ಫರ್ಡ್ ನೆಟ್‌ವರ್ಕ್ ಎಂಬ ನವಜಾತ ಶಿಶು ಆಸ್ಪತ್ರೆಗಳ ಒಕ್ಕೂಟ ನಡೆಸಿದ ಪ್ರಯೋಗ ಉಲ್ಟಾ ಫಲ ಕೊಟ್ಟಿತ್ತು. ಅಲ್ಲಿ ಹಚ್ಚಿದ್ದು ಸಸ್ಯದ ಎಣ್ಣೆಯಲ್ಲ, ಪೆಟ್ರೋಲಿಯಂ ಮೂಲದ ಮುಲಾಮು. ಚರ್ಮದ ಸ್ಥಿತಿ ಸುಧಾರಿಸಿತು, ಆದರೆ ಚರ್ಮದ ಮೇಲೆ ಸಾಮಾನ್ಯವಾಗಿರುವ ಸ್ಟ್ಯಾಫಿಲೊಕಾಕಸ್ ಬಗೆಯ ಬ್ಯಾಕ್ಟೀರಿಯಾದಿಂದ ರಕ್ತದ ಸೋಂಕು ಹೆಚ್ಚಿತು. ತೀರ ಕಡಿಮೆ ತೂಕದ ಮಕ್ಕಳಿಗೆ ಇಂಥ ಮುಲಾಮು ಹಚ್ಚಿದಲ್ಲಿ ಕ್ಯಾಂಡಿಡಾ ಶಿಲೀಂಧ್ರದ ಸೋಂಕು ಕಂಡದ್ದೂ 2000ದಲ್ಲಿ ವರದಿಯಾಗಿತ್ತು.

ಎಲ್ಲ ಪ್ರಯೋಗಗಳನ್ನು ಕೂಡಿಸಿ ತೂಗಿದ, ಕಾಕ್ರೇನ್ ಎಂಬ ಸಂಶೋಧಕರ ಸಂಘಟನೆಯ ವಿಮರ್ಶೆಯಲ್ಲಿ, ಎಣ್ಣೆಯಾಗಲಿ ಮುಲಾಮಾಗಲಿ ಸೋಂಕನ್ನು ತಡೆಯುತ್ತದೆ ಎಂದು ಖಚಿತವಾಗಿ ಹೇಳುವಂಥ ಆಧಾರ ಸಿಗಲಿಲ್ಲ. ತೀರ ಎಳೆಯ ಮಗುವಿನ ಇನ್‌ಕ್ಯುಬೇಟರ್‌ನಲ್ಲಿ ಮೊದಲ ದಿನಗಳಲ್ಲಿ ತೇವಾಂಶವನ್ನು ಬೇಕೆಂದೇ ಹೆಚ್ಚಿಡುತ್ತಾರೆ. ಬೆಚ್ಚಗೆ, ತೇವ, ಮೇಲೆ ಜಿಡ್ಡಿನ ಪದರ: ಸೂಕ್ಷ್ಮಾಣುಗಳಿಗೆ ಇಷ್ಟು ಸಾಕು. ಇಂಥ ಮಗುವಿಗೆ ಎಣ್ಣೆ ಬೇಡ ಎಂದು ವಾರ್ಡಿನವರು ಹೇಳಿದರೆ ಅದರ ಹಿಂದೆ ಈ ಕಾರಣವಿದೆ.

ಯಾವ ಎಣ್ಣೆ

ಸೂರ್ಯಕಾಂತಿ ಎಣ್ಣೆಗೆ ಉಳಿದವಕ್ಕಿಂತ ಹೆಚ್ಚು ಆಧಾರವಿದೆ. ಆದರೆ ಎಲ್ಲ ಸೂರ್ಯಕಾಂತಿ ಎಣ್ಣೆಗೂ ಅಲ್ಲ. ಚರ್ಮ ತನ್ನ ತಡೆಪದರವನ್ನು ಕಟ್ಟಿಕೊಳ್ಳಲು ಬಳಸುವುದು ಲಿನೋಲಿಕ್ ಆಮ್ಲ ಎಂಬ ಕೊಬ್ಬಿನ ಅಂಶವನ್ನು. ಮಾಮೂಲಿ ಸೂರ್ಯಕಾಂತಿ ಎಣ್ಣೆಯಲ್ಲಿ ಇದೇ ಮುಖ್ಯ ಅಂಶ, ಹೆಚ್ಚಾಗಿ ಶೇ 50ರಿಂದ 70ರವರೆಗೆ. ಹುರಿಯಲು, ಕರಿಯಲು ಬಾಳಿಕೆ ಬರಲೆಂದು ಬೆಳೆಸಿದ 'ಹೈ ಓಲಿಯಿಕ್' ತಳಿಯ ಎಣ್ಣೆಯಲ್ಲಿ ಲಿನೋಲಿಕ್ ಇಳಿದು, ಓಲಿಯಿಕ್ ಆಮ್ಲವೇ ಶೇ 75 ದಾಟಿರುತ್ತದೆ. ಓಲಿಯಿಕ್ ಹೆಚ್ಚಾದಷ್ಟೂ ಚರ್ಮದ ಪದರಗಳ ನಡುವಿನ ಕೊಬ್ಬಿನ ಜೋಡಣೆ ಸಡಿಲವಾಗುತ್ತದೆ. ಔಷಧಿಗಳನ್ನು ಚರ್ಮದೊಳಗೆ ತೂರಿಸಲು ಓಲಿಯಿಕ್ ಆಮ್ಲವನ್ನು ಬಳಸುವುದು ಇದೇ ಗುಣಕ್ಕಾಗಿ.

ಎರಡನ್ನೂ ಗುರುತಿಸುವುದು ಸುಲಭ. ಬಾಟಲಿಯ ಹಿಂದಿನ ಪೌಷ್ಟಿಕಾಂಶದ ಪಟ್ಟಿಯಲ್ಲಿ 'ಪಾಲಿಅನ್‌ಸ್ಯಾಚುರೇಟೆಡ್' (ಲಿನೋಲಿಕ್ ಸೇರುವುದು ಇದರಲ್ಲಿ) ಮತ್ತು 'ಮಾನೋಅನ್‌ಸ್ಯಾಚುರೇಟೆಡ್' (ಓಲಿಯಿಕ್ ಸೇರುವುದು ಇದರಲ್ಲಿ) ಎಂಬ ಎರಡು ಸಾಲು ನೋಡಿ. ಪಾಲಿಯ ಅಂಕಿ ಮಾನೋದ ಎರಡು ಪಟ್ಟಿನಷ್ಟಿದ್ದರೆ ಅದು ಬೇಕಾದ ಎಣ್ಣೆ. ಮಾನೋ 70-80 ಇದ್ದು ಪಾಲಿ ಹತ್ತಿಪ್ಪತ್ತರ ಒಳಗಿದ್ದರೆ ಅದನ್ನು ಅಡುಗೆಗೆ ಇಟ್ಟುಕೊಳ್ಳಿ. ಕುಸುಬೆ ಎಣ್ಣೆಯಲ್ಲೂ ಇದೇ ಎರಡು ಬಗೆ ಇರುವುದರಿಂದ ಅದಕ್ಕೂ ಇದೇ ಪರೀಕ್ಷೆ.

ತೆಂಗಿನೆಣ್ಣೆಯ ದಾರಿ ಬೇರೆ. ಅದರಲ್ಲಿ ಲಿನೋಲಿಕ್ ತೀರ ಕಡಿಮೆ. ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ಕಡಿಮೆ ತೂಕದ ಮಕ್ಕಳಲ್ಲಿ ಚರ್ಮದಿಂದ ನೀರು ಆರುವುದನ್ನು ಇದು ತಗ್ಗಿಸುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಬೇಗ ಕಮಟುವುದೂ ಇಲ್ಲ. ಬೆರಕೆಯಿಲ್ಲದ, ಸುಗಂಧವಿಲ್ಲದ ತೆಂಗಿನೆಣ್ಣೆ ನಮ್ಮ ದೃಷ್ಟಿಯಲ್ಲಿ ಎರಡನೆಯ ಒಳ್ಳೆಯ ಆಯ್ಕೆ. ತಲೆಗೂದಲಿಗೆಂದು ಮಾರುವ ಎಣ್ಣೆ ಬೇಡ. ಅದರಲ್ಲಿ ಪರಿಮಳವೋ ಮತ್ತೊಂದು ಎಣ್ಣೆಯೋ ಸೇರಿರುವುದುಂಟು.

ಆಲಿವ್ ಎಣ್ಣೆ ಮೃದು ಎಂಬ ಹೆಸರು ಪಡೆದಿದೆ, ಆದರೆ ಅದರಲ್ಲಿ ಓಲಿಯಿಕ್ ಶೇ 55ರಿಂದ 83ರವರೆಗೆ. ವಯಸ್ಕರ ಚರ್ಮದ ಮೇಲೆ ನಡೆದ ಪರೀಕ್ಷೆಯಲ್ಲೇ ಅದು ತಡೆಪದರವನ್ನು ದುರ್ಬಲಗೊಳಿಸಿತು. ಎಳೆಯ ಚರ್ಮಕ್ಕೆ ಬೇಡ. ಬಾದಾಮಿ ಎಣ್ಣೆಯಲ್ಲೂ ಓಲಿಯಿಕ್ಕೇ ಮೇಲುಗೈ.

ಸಾಸಿವೆ ಎಣ್ಣೆಯನ್ನು ಪೂರ್ತಿ ಬಿಟ್ಟುಬಿಡಿ. ಅದರ ಖಾರದ ಅಂಶ ಚರ್ಮವನ್ನು ಕೆರಳಿಸುತ್ತದೆ. ಇಲಿಗಳ ಚರ್ಮದ ಮೇಲಿನ ಪ್ರಯೋಗದಲ್ಲಿ ಸೂರ್ಯಕಾಂತಿ ಎಣ್ಣೆ ತಡೆಪದರದ ಚೇತರಿಕೆಗೆ ನೆರವಾದರೆ ಸಾಸಿವೆ ಎಣ್ಣೆ ಅದನ್ನು ತಡಮಾಡಿತು. ಆರ್ಜಿಮೋನ್ ಎಂಬ ಕಳೆಗಿಡದ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆಯನ್ನು ಮೈಗೆ ಹಚ್ಚಿದ್ದರಿಂದಲೇ ಮೈ ಊದಿಕೊಳ್ಳುವ ಡ್ರಾಪ್ಸಿ ರೋಗ ಬಂದದ್ದೂ ದಾಖಲಾಗಿದೆ.

ಶೇಂಗಾ ಎಣ್ಣೆ ಮತ್ತು ಬಾದಾಮಿಯಂಥ ಒಣಬೀಜಗಳಿಂದ ತೆಗೆದ ಎಣ್ಣೆಗಳ ವಿಷಯದಲ್ಲಿ ಅಲರ್ಜಿಯ ಚಿಂತೆಯಿದೆ. ಶೇಂಗಾ ಎಣ್ಣೆಯಿರುವ ಲೇಪಗಳನ್ನು ದದ್ದೆದ್ದು ಉರಿಯುವ ಚರ್ಮಕ್ಕೆ ಹಚ್ಚಿದ ಮಕ್ಕಳಲ್ಲಿ ಮುಂದೆ ಶೇಂಗಾ ಅಲರ್ಜಿ ಹೆಚ್ಚು ಕಂಡದ್ದು 2003ರಲ್ಲಿ ಪ್ರಕಟವಾಯಿತು. ಆಹಾರದ ಪ್ರೋಟೀನು ಬಾಯಿಗಿಂತ ಮುಂಚೆ ಒಡೆದ ಚರ್ಮದ ಮೂಲಕ ಒಳಗೆ ಹೋದರೆ ದೇಹ ಅದನ್ನು ಶತ್ರುವೆಂದು ಗುರುತಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಕರ್ಪೂರ, ಮೆಂಥಾಲ್, ನೀಲಗಿರಿ, ಟೀ ಟ್ರೀ ಮುಂತಾದ ಘಾಟಿನ ಎಣ್ಣೆಗಳು ಒಂದು ಹನಿಯೂ ಬೆರೆಯಕೂಡದು. ಕರ್ಪೂರದಿಂದ ಫಿಟ್ಸ್ ಬರಬಹುದು. ಮೆಂಥಾಲ್ ಘಾಟಿಗೆ ಎಳೆಯ ಮಗುವಿನ ಉಸಿರೇ ಕಟ್ಟಬಹುದು. 'ನೈಸರ್ಗಿಕ' ಎಂದು ಬರೆದ ಮಾತ್ರಕ್ಕೆ ಇವು ಸುರಕ್ಷಿತವಾಗುವುದಿಲ್ಲ. ಗಿಡಮೂಲಿಕೆ ಹಾಕಿ ಕಾಯಿಸಿದ ಎಣ್ಣೆಯಲ್ಲಿ ಏನೇನು ಎಷ್ಟೆಷ್ಟು ಇಳಿದಿದೆ ಎಂದು ಗೊತ್ತಾಗದಿರುವುದರಿಂದ ಅದನ್ನೂ ದೂರವಿಡಿ.

ಬಾಟಲಿ ಕೆಡುವ ಬಗೆ

ಚಿಕ್ಕ ಬಾಟಲಿ ಕೊಳ್ಳಿ. ಸೀಲ್ ಒಡೆದಿರಬಾರದು, ಬಳಕೆಯ ಗಡುವು ಮುಗಿದಿರಬಾರದು. ಲಿನೋಲಿಕ್ ಹೆಚ್ಚಿರುವ ಎಣ್ಣೆ ಗಾಳಿ, ಬೆಳಕು, ಶಾಖ ತಾಗಿದರೆ ಬೇಗ ಆಕ್ಸಿಡೀಕರಣಗೊಳ್ಳುತ್ತದೆ. ಆಗ ಹುಟ್ಟುವ ಪೆರಾಕ್ಸೈಡುಗಳು ಚರ್ಮವನ್ನು ಕೆರಳಿಸುತ್ತವೆ. ಕತ್ತಲೆಯ, ತಂಪಾದ ಜಾಗದಲ್ಲಿಟ್ಟು, ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆದು, ಒಂದು ತಿಂಗಳಿಗೆ ಬದಲಿಸಿ. ಕಮಟು ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಎಣ್ಣೆ ಸಾಕಷ್ಟು ಕೆಟ್ಟಿರುತ್ತದೆ, ಆದ್ದರಿಂದ ವಾಸನೆಗಾಗಿ ಕಾಯಬೇಡಿ.

ನೀರಿಲ್ಲದ ಎಣ್ಣೆಯಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯದು. ಆದರೆ ಒದ್ದೆ ಬೆರಳು ಅದ್ದಿದರೆ ನೀರೂ ಸೂಕ್ಷ್ಮಾಣುವೂ ಒಟ್ಟಿಗೆ ಒಳಗೆ ಹೋಗುತ್ತವೆ. ಅಗಲ ಬಾಯಿಯ ಡಬ್ಬಿಗಿಂತ ಸಣ್ಣ ಬಾಯಿಯ ಬಾಟಲಿ ಮೇಲು. ಆ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ತೊಳೆದು ಒಣಗಿಸಿದ ಪುಟ್ಟ ಬಟ್ಟಲಿಗೆ ಸುರಿದುಕೊಳ್ಳಿ, ಉಳಿದದ್ದನ್ನು ಚೆಲ್ಲಿ, ಬಾಟಲಿಗೆ ಮರಳಿ ಸುರಿಯಬೇಡಿ. ಮಗುವಿನ ಬಾಟಲಿ ಮಗುವಿಗೇ ಇರಲಿ. ವಾರ್ಡಿನಲ್ಲಂತೂ ಒಂದೇ ಬಾಟಲಿ ಇಬ್ಬರು ಮಕ್ಕಳಿಗೆ ಬಳಕೆಯಾಗಕೂಡದು, ಅವಳಿಗಳಾದರೂ ಸರಿ.

ಹಚ್ಚಬಾರದ ಹೊತ್ತು

ಚರ್ಮ ಸುಲಿದಿದ್ದರೆ, ಒಡೆದಿದ್ದರೆ, ಕೀವುಗುಳ್ಳೆಯಿದ್ದರೆ ಎಣ್ಣೆ ಬೇಡ. ಹೊಕ್ಕುಳಬಳ್ಳಿ ಉದುರಿ ಒಣಗುವವರೆಗೆ ಅದರ ಸುತ್ತ ಹಚ್ಚಬೇಡಿ. ಮೈ ತಾಪ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಮೊದಲು ಮಗುವನ್ನು ಬೆಚ್ಚಗೆ ಮಾಡಿ. ಬಟ್ಟೆ ಬಿಚ್ಚುವ ಸಮಯ ಅದಲ್ಲ. ಕಾಮಾಲೆಗೆ ನೀಲಿ ಬೆಳಕಿನ ಕೆಳಗೋ, ಮೈ ಬೆಚ್ಚಗಿಡುವ ವಾರ್ಮರ್ ಯಂತ್ರದ ಕೆಳಗೋ ಇರುವ ಮಗುವಿಗೆ ವೈದ್ಯರನ್ನು ಕೇಳದೆ ಹಚ್ಚಬೇಡಿ. ಹಚ್ಚುವವರ ತುಟಿಯ ಮೇಲೆ ಜ್ವರಗುಳ್ಳೆ ಎದ್ದಿದ್ದರೆ, ಕೈಯಲ್ಲಿ ಹುಣ್ಣೋ ಗಾಯವೋ ಇದ್ದರೆ, ಆ ಕೆಲಸ ಬೇರೆಯವರು ಮಾಡಲಿ. ತುಟಿಯ ಆ ಗುಳ್ಳೆಯ ವೈರಸ್ ನವಜಾತ ಶಿಶುವಿಗೆ ಜೀವಕ್ಕೇ ಅಪಾಯ.

ಹಚ್ಚುವ ಕ್ರಮ

ಇದು ಮನೆಗೆ ಬಂದಿರುವ, ಎಣ್ಣೆ ಹಚ್ಚಬಹುದು ಎಂದು ವೈದ್ಯರು ಹೇಳಿರುವ ಮಗುವಿಗೆ. ಹಾಲು ಕುಡಿಸಿ ಕನಿಷ್ಠ ಅರ್ಧ ಗಂಟೆ ಕಳೆದಿರಲಿ. ತುಂಬಿದ ಹೊಟ್ಟೆಯಲ್ಲಿ ಮೈ ಅಲುಗಿಸಿದರೆ ಹಾಲು ಮೇಲೆ ಬರುತ್ತದೆ.

1. ಕೋಣೆ 25ರಿಂದ 28 ಡಿಗ್ರಿ ಬೆಚ್ಚಗಿರಲಿ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಒಣ ಬಟ್ಟೆ, ಟೋಪಿ, ಹೊದಿಕೆಗಳನ್ನು ಕೈಗೆಟಕುವಂತೆ ಇಟ್ಟುಕೊಳ್ಳಿ.

2. ಉಂಗುರ, ಬಳೆ, ವಾಚು ತೆಗೆಯಿರಿ, ಉಗುರು ಕತ್ತರಿಸಿರಲಿ. ಮೊಣಕೈವರೆಗೆ ಸೋಪಿನಿಂದ ತೊಳೆದು ಪೂರ್ತಿ ಒರೆಸಿಕೊಳ್ಳಿ.

3. ಬಟ್ಟಲಿಗೆ ಎಣ್ಣೆ ಸುರಿದುಕೊಳ್ಳಿ. 2 ಕಿಲೋ ತೂಕದ ಮಗುವಿನ ಇಡೀ ಮೈಗೆ 2ರಿಂದ 3 ಮಿಲಿ, ಅಂದರೆ ಅರ್ಧ ಟೀ ಚಮಚ, ಧಾರಾಳವಾಗಿ ಸಾಕು. ಒಲೆಯ ಮೇಲೆ ಕಾಯಿಸಬೇಡಿ, ಮೈಕ್ರೋವೇವ್ ಬೇಡವೇ ಬೇಡ; ಎಣ್ಣೆಯ ಶಾಖ ಬಟ್ಟಲು ಮುಟ್ಟಿದರೆ ತಿಳಿಯದು. ಅಂಗೈಗಳ ನಡುವೆ ಹರಡಿಕೊಂಡರೆ ಮೈಶಾಖಕ್ಕೆ ಬರುತ್ತದೆ.

4. ಮೊದಲ ದಿನ ಒಂದು ತೊಡೆಗೆ ಮಾತ್ರ ಎರಡು ಹನಿ ಹಚ್ಚಿ, 24 ಗಂಟೆ ನೋಡಿ. ಕೆಂಪಾಗದಿದ್ದರೆ ಮರುದಿನ ಮುಂದುವರಿಸಿ.

5. ಮಗುವನ್ನು ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ಮಲಗಿಸಿ, ಎತ್ತರದ ಮೇಜಿನ ಮೇಲಲ್ಲ. ಒಂದೊಂದೇ ಅಂಗ ತೆರೆದು, ಹಚ್ಚಿ, ಮುಚ್ಚಿ ಮುಂದೆ ಹೋಗಿ: ಕಾಲುಗಳು, ತೋಳುಗಳು, ಎದೆ ಮತ್ತು ಹೊಟ್ಟೆ, ಕೊನೆಗೆ ಬೆನ್ನು.

6. ಅಂಗೈಯನ್ನು ಚರ್ಮದ ಮೇಲೆ ಚಪ್ಪಟೆಯಾಗಿಟ್ಟು ನಿಧಾನವಾಗಿ ಸವರಿ. ತಿಕ್ಕಬೇಡಿ, ನೀವಬೇಡಿ, ಕೈಕಾಲು ಎಳೆದು ಮಡಿಸಬೇಡಿ.

7. ಇಡೀ ಕೆಲಸ ಐದು ನಿಮಿಷದೊಳಗೆ ಮುಗಿಯಲಿ. ಕತ್ತು, ಕಂಕುಳು, ತೊಡೆಸಂದಿಯ ಮಡಿಕೆಗಳಲ್ಲಿ ನಿಂತ ಎಣ್ಣೆಯನ್ನು ಮೆತ್ತನೆಯ ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ, ಒರೆಸಿ ಉಜ್ಜಬೇಡಿ.

ಆರನೆಯ ಹಂತದಲ್ಲೇ ಹೆಚ್ಚು ಜನ ಎಡವುವುದು. ದಿನ ತುಂಬಿದ ಮಗುವಿಗೆ ಮಾಡುವಂತೆ ಗಟ್ಟಿಯಾಗಿ ತಿಕ್ಕಿದರೆ ಇಲ್ಲಿ ಎರಡು ಹಾನಿ. ಈ ಮಗುವಿನ ಚರ್ಮದ ಮೇಲ್ಪದರಕ್ಕೂ ಒಳಪದರಕ್ಕೂ ನಡುವಿನ ಹಿಡಿತ ಸಡಿಲ. ಉಜ್ಜಿದರೆ ಮೇಲ್ಪದರ ಸುಲಿದೇ ಬರಬಹುದು. ಇನ್ನು ಮೂಳೆ. ಸುಣ್ಣದ ಅಂಶ ಮಗುವಿನ ಮೂಳೆಗೆ ಹೆಚ್ಚಾಗಿ ಸೇರುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಅದು ತಪ್ಪಿದ ಮಗುವಿನ ಪಕ್ಕೆಲುಬು, ತೋಳುಮೂಳೆ ಸಣ್ಣ ಒತ್ತಡಕ್ಕೂ ಮುರಿಯಬಹುದು. ಸವರುವಾಗ ನಿಮ್ಮ ಅಂಗೈಯ ಕೆಳಗೆ ಮಗುವಿನ ಚರ್ಮ ಸುಕ್ಕುಗಟ್ಟಿ ಸರಿಯುತ್ತಿದ್ದರೆ ಒತ್ತಡ ಹೆಚ್ಚಾಗಿದೆ ಎಂದೇ ಅರ್ಥ.

ಮುಖಕ್ಕೆ, ಮಗುವಿನ ಅಂಗೈಗೆ ಹಚ್ಚಬೇಡಿ. ಕೈ ನೇರ ಬಾಯಿಗೆ, ಕಣ್ಣಿಗೆ ಹೋಗುತ್ತದೆ. ಮೂಗಿಗೆ, ಕಿವಿಗೆ, ಬಾಯಿಗೆ ಎಣ್ಣೆ ಬಿಡುವುದಂತೂ ಎಂದೂ ಬೇಡ. ಮೂಗಿಗೆ ಬಿಟ್ಟ ಎಣ್ಣೆ ಕೆಮ್ಮೂ ಬಾರದೆ ಸದ್ದಿಲ್ಲದೆ ಶ್ವಾಸಕೋಶಕ್ಕೆ ಜಾರಿ, ಲಿಪಾಯ್ಡ್ ನ್ಯುಮೋನಿಯಾ ಎಂಬ ಉರಿಯೂತ ತರುತ್ತದೆ. ಎಣ್ಣೆಯ ಮೇಲೆ ಪೌಡರ್ ಕೂಡ ಬೇಡ: ಮಡಿಕೆಗಳಲ್ಲಿ ಗಟ್ಟಿಕಟ್ಟಿ ಚರ್ಮ ಕೊರೆಯುತ್ತದೆ, ಹಾರಿದ ಪುಡಿ ಉಸಿರಿಗೆ ಸೇರುತ್ತದೆ.

ದಿನಕ್ಕೆ ಒಮ್ಮೆ ಸಾಕು. ಸ್ನಾನ ಮಾಡಿಸಿದ ದಿನ, ನೀರು ಒತ್ತಿ ತೆಗೆದ ಕೂಡಲೇ, ಮೈ ಇನ್ನೂ ಕೊಂಚ ತೇವವಿರುವಾಗ ಹಚ್ಚಿದರೆ ಆ ತೇವ ಉಳಿಯುತ್ತದೆ. ಹಿಂದಿನ ದಿನದ ಎಣ್ಣೆ ತೆಗೆಯಲೆಂದು ಸೋಪು ಹಾಕಿ ಉಜ್ಜಿದರೆ ಎಣ್ಣೆಯಿಂದ ಆದ ಉಪಕಾರವೆಲ್ಲ ಹೋಗುತ್ತದೆ.

ಆಸ್ಪತ್ರೆಯಲ್ಲಿರುವಾಗ

ಢಾಕಾದ ಪ್ರಯೋಗದಲ್ಲಿ ಪ್ರತಿ ಕಿಲೋ ತೂಕಕ್ಕೆ 4 ಗ್ರಾಂ ಎಣ್ಣೆಯನ್ನು ಮೊದಲ 14 ದಿನ ದಿನಕ್ಕೆ ಮೂರು ಬಾರಿ, ಆಮೇಲೆ ಎರಡು ಬಾರಿ ಹಚ್ಚಿದರು. 1.2 ಕಿಲೋ ಮಗುವಿಗೆ ಒಂದು ಬಾರಿಗೆ ಸುಮಾರು 5 ಮಿಲಿ ಆಯಿತು. ಇದು ತರಬೇತಿ ಪಡೆದ ನರ್ಸುಗಳು, ಮಗುವಿನ ಮೇಲೆ ಸದಾ ಕಣ್ಣಿಟ್ಟು ಪಾಲಿಸಿದ ಪ್ರಮಾಣ. ಮನೆಯಲ್ಲಿ ಇದನ್ನು ಅನುಸರಿಸಬೇಡಿ.

ವಾರ್ಡಿನಲ್ಲಿ ಜಿಡ್ಡಿನ ದೊಡ್ಡ ಅಪಾಯ ಅಂಟುಪಟ್ಟಿಗಳದ್ದು. ಎಣ್ಣೆ ತಾಗಿದ ಕಡೆ ಟೇಪು ನಿಲ್ಲುವುದಿಲ್ಲ. ಹಾಲಿನ ಟ್ಯೂಬ್ ಜಾರಬಹುದು, ಐವಿ ಸೂಜಿ ಕಳಚಬಹುದು. ಎಲ್ಲಕ್ಕಿಂತ ಕೆಟ್ಟದ್ದು ತಾಪ ಅಳೆಯುವ ಪ್ರೋಬ್ ಚರ್ಮದಿಂದ ಬಿಡುವುದು. ಪ್ರೋಬ್ ಹೊರಗಿನ ತಂಪು ಗಾಳಿಯನ್ನು ಅಳೆಯುತ್ತದೆ, ಮಗು ತಣ್ಣಗಿದೆ ಎಂದುಕೊಂಡು ವಾರ್ಮರ್ ಶಾಖ ಏರಿಸುತ್ತ ಹೋಗುತ್ತದೆ, ಮಗುವಿನ ಮೈ ಸುಡತೊಡಗುತ್ತದೆ. ಆದ್ದರಿಂದ ಪ್ರತಿ ಪ್ರೋಬ್, ಟೇಪು, ಸೂಜಿಯ ಸುತ್ತ ಎರಡು ಬೆರಳಗಲ ಜಾಗ ಒಣಗಿರಲಿ. ಹಚ್ಚಿದ ಮೇಲೆ ಒಂದೊಂದನ್ನೂ ಮುಟ್ಟಿ ನೋಡುವಂತೆ ನರ್ಸ್ ಅವರನ್ನು ಕೇಳಿ. ಮೂಗಿಗೆ ಆಕ್ಸಿಜನ್ ಹರಿಯುತ್ತಿದ್ದರೆ ಮುಖದ ಹತ್ತಿರ ಜಿಡ್ಡು ಬೇಡವೇ ಬೇಡ. ಆಕ್ಸಿಜನ್ ಹೆಚ್ಚಿರುವ ಕಡೆ ಎಣ್ಣೆ ಬಲು ಬೇಗ ಹೊತ್ತಿಕೊಳ್ಳುತ್ತದೆ.

ಕಾಂಗರೂ ಆರೈಕೆಗೆ ಮುನ್ನ ಹಚ್ಚಿದ್ದರೆ ಹೆಚ್ಚಿನ ಎಣ್ಣೆಯನ್ನು ಒತ್ತಿ ತೆಗೆದು, ಕಾಲು ಗಂಟೆ ಬಿಟ್ಟು ಎದೆಗೆ ಕಟ್ಟಿಕೊಳ್ಳಿ. ಜಿಡ್ಡು ಮೈಯ ಮಗು ಕಟ್ಟಿನೊಳಗೇ ಕೆಳಗೆ ಸರಿದು ಕತ್ತು ಮಡಿಸಿಕೊಂಡರೆ ಉಸಿರಿಗೆ ತಡೆಯಾಗುತ್ತದೆ.

ಮಗು ಕೊಡುವ ಸೂಚನೆ

ಬೆರಳುಗಳನ್ನು ಅಗಲಿಸಿ ಚಾಚುವುದು, ಬಿಕ್ಕಳಿಕೆ, ಮೇಲಿಂದ ಮೇಲೆ ಆಕಳಿಕೆ, ಮುಖ ತಿರುಗಿಸುವುದು, ಮೈ ಬಿಲ್ಲಿನಂತೆ ಬಾಗುವುದು: ಇವೆಲ್ಲ 'ಸಾಕು' ಎಂಬ ಸೂಚನೆ. ಕೈಯನ್ನು ಅಲುಗಿಸದೆ ಮಗುವಿನ ಮೇಲಿಟ್ಟು ಕಾಯಿರಿ. ಶಾಂತವಾಗದಿದ್ದರೆ ಹೊದಿಸಿ ನಿಲ್ಲಿಸಿಬಿಡಿ, ಅರ್ಧ ಮೈಗಷ್ಟೇ ಆಗಿದ್ದರೂ ಚಿಂತೆಯಿಲ್ಲ. ತುಟಿ ನೀಲಿಗಟ್ಟಿದರೆ, ಉಸಿರು ನಿಂತು ನಿಂತು ಬಂದರೆ ಅದು ತುರ್ತು.

ಮುಗಿಸಿ ಅರ್ಧ ಗಂಟೆಗೆ ಕಂಕುಳ ತಾಪ ನೋಡಿ. ಮಡಿಕೆಗಳಲ್ಲಿ ಕೆಂಪು, ಸಣ್ಣ ಗುಳ್ಳೆ ಎದ್ದರೆ ಎಣ್ಣೆ ನಿಲ್ಲಿಸಿ. ಅದರ ಮೇಲೆ ಬೇರೆ ಎಣ್ಣೆಯನ್ನು ಪ್ರಯೋಗಿಸಬೇಡಿ. ಎರಡು ದಿನದಲ್ಲಿ ಇಳಿಯದಿದ್ದರೆ ತೋರಿಸಿ. ತಾಪ 37.5 ದಾಟಿದರೆ ಅಥವಾ 35.5ಕ್ಕಿಂತ ಇಳಿದರೆ, ಹಾಲು ಬಿಟ್ಟರೆ, ಮಂಕಾದರೆ, ಉಸಿರು ನಿಮಿಷಕ್ಕೆ 60 ಮುಟ್ಟಿದರೆ, ಎದೆ ಒಳಸೆಳೆದರೆ, ಫಿಟ್ಸ್ ಬಂದರೆ, ಚರ್ಮದಲ್ಲಿ ಕೀವು ಕಂಡರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ. ಯಾವ ಎಣ್ಣೆ, ಎಂದಿನಿಂದ, ದಿನಕ್ಕೆ ಎಷ್ಟು ಬಾರಿ ಎಂದು ವೈದ್ಯರಿಗೆ ಹೇಳಿ. ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

ಎಣ್ಣೆ ಹೀರಿದ ಬಟ್ಟೆಗಳನ್ನು ಡಿಟರ್ಜೆಂಟ್ ಹಾಕಿ ಬಿಸಿ ನೀರಿನಲ್ಲಿ ಒಗೆದು ಹಗ್ಗದ ಮೇಲೆ ಹರಡಿ ಒಣಗಿಸಿ, ಡ್ರೈಯರ್‌ಗೆ ಹಾಕಬೇಡಿ. ಒಗೆದ ಮೇಲೂ ಉಳಿಯುವ ಸೂರ್ಯಕಾಂತಿ, ಕುಸುಬೆಯಂಥ ಎಣ್ಣೆ ಆಕ್ಸಿಡೀಕರಣದಿಂದ ತಾನಾಗಿಯೇ ಕಾವೇರುತ್ತದೆ. ಬಿಸಿಯಾಗಿ ಮುದ್ದೆಯಾಗಿ ಬಿದ್ದಿರುವ ಬಟ್ಟೆ ಬೆಂಕಿಯಿಲ್ಲದೆಯೂ ಹೊತ್ತಿಕೊಳ್ಳಬಹುದು.